ನೋವು ನಿಂತ ಮಾತ್ರಕ್ಕೆ ಕಲ್ಲು ಕರಗಿತೆ?

"ಬಾಳೆದಿಂಡಿನ ರಸ ಕುಡಿದೆ, ಎರಡೇ ದಿನದಲ್ಲಿ ನೋವು ನಿಂತಿತು, ಕಲ್ಲು ಕರಗಿಹೋಯಿತು." ಮೂತ್ರಪಿಂಡದ ಕಲ್ಲಿನ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಊರುಗಳಲ್ಲಿ ಇಂಥ ಮಾತು ಕೇಳಿಬರುವುದುಂಟು. ನಾವು ವೈದ್ಯರಲ್ಲ, ಭೌತವಿಜ್ಞಾನವನ್ನು ಬೋಧಿಸುವವರು. ಆದರೂ ಈ ಮಾತಿನಲ್ಲಿ ಅಡಗಿರುವ ತರ್ಕದೋಷವನ್ನು ವಿದ್ಯಾರ್ಥಿಗಳ ಮುಂದಿಡುವುದು ಕರ್ತವ್ಯವೆಂದು ಭಾವಿಸುತ್ತೇವೆ. ನೋವು ನಿಂತುದು ನಿಜವಿರಬಹುದು. ಏಕೆ ನಿಂತಿತೆಂದು ಕೇಳುವವರು ವಿರಳ.

ಗಟ್ಟಿಯಾದ ಸಕ್ಕರೆಪಾಕವನ್ನು ಕದಲಿಸದೆ ಇಟ್ಟರೆ ಕಲ್ಲುಸಕ್ಕರೆಯ ಹರಳು ಕಟ್ಟುವುದಷ್ಟೆ. ನೀರನ್ನು ಕಡಮೆ ಕುಡಿಯುವವರ ಮೂತ್ರದಲ್ಲಿಯೂ ಲವಣಗಳು ಹೀಗೆಯೇ ಹರಳುಗಟ್ಟಬಲ್ಲವು. ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟಿನವು. ಇವು ಪಾನೀಯಗಳಿಂದ ಕರಗುವಂಥವಲ್ಲ.

ಕಲ್ಲು ಮೂತ್ರಪಿಂಡದಿಂದ ಜಾರಿ ಮೂತ್ರನಾಳಕ್ಕೆ ಇಳಿದಾಗ ವೇದನೆ ಮೊದಲಾಗುತ್ತದೆ. ಈ ನಾಳದ ಉದ್ದ ಸುಮಾರು 25 ಸೆಂಟಿಮೀಟರು. ಒಳಗಿನ ಅಗಲ ಕೆಲವೇ ಮಿಲಿಮೀಟರು. 5 ಮಿಲಿಮೀಟರಿಗಿಂತ ಸಣ್ಣ ಕಲ್ಲು ಸಾಮಾನ್ಯವಾಗಿ ತಾನಾಗಿಯೇ ಹೊರಬೀಳುವುದು. ಬಾಳೆದಿಂಡಿಗೆ ಕೀರ್ತಿ ಬರುವುದು ಹೆಚ್ಚಾಗಿ ಆಗಲೇ! ದೊಡ್ಡ ಕಲ್ಲಾದರೋ ನಾಳದಲ್ಲಿ ಸಿಕ್ಕಿಕೊಳ್ಳಬಹುದು. ಅದರ ಹಿಂದೆ ಮೂತ್ರ ತುಂಬಿ ಒತ್ತಡ ಏರುತ್ತದೆ, ಒಳಗೋಡೆಗಳು ಹಿಗ್ಗುತ್ತವೆ, ಅಸಹನೀಯವಾದ ನೋವು ಹುಟ್ಟುತ್ತದೆ.

ಮೂತ್ರಪಿಂಡವು ರಕ್ತವನ್ನು ಸೋಸುವುದು ಒತ್ತಡದ ಅಂತರದಿಂದ. ಕೆಳಗಿನಿಂದ ಎದುರೊತ್ತಡ ಹೆಚ್ಚಿದರೆ ಸೋಸುವ ಕ್ರಿಯೆ ಕುಗ್ಗುವುದು. ದಿನಗಳೆದಂತೆ ರಕ್ತದ ಹರಿವೂ ತಗ್ಗುವುದು. ಉತ್ಪತ್ತಿಯಾಗುವ ಮೂತ್ರ ಕಡಮೆಯಾದಂತೆ ಒತ್ತಡ ಇಳಿದು ನೋವು ಶಮನವಾಗಬಹುದು. ಹೀಗೆ ಬಂದ ನೆಮ್ಮದಿಯು ಮೂತ್ರಪಿಂಡವು ಸೋಲುತ್ತಿರುವುದರ ಕುರುಹು. ಇನ್ನೊಂದು ಮೂತ್ರಪಿಂಡ ಸ್ವಸ್ಥವಾಗಿದ್ದರೆ ಮೂತ್ರ ಎಂದಿನಂತೆ ಹೋಗುವುದರಿಂದ ರೋಗಿಗೆ ಅನುಮಾನವೇ ಹುಟ್ಟದು. ವಾರಗಳು ತಿಂಗಳುಗಳಾದರೆ, ಕಳೆದುಹೋದ ಶಕ್ತಿ ಮರಳಿ ಬಾರದು. ತಡೆಯೊಡನೆ ಸೋಂಕು ಸೇರಿತೆಂದರೆ ಪರಿಣಾಮ ಇನ್ನೂ ಘೋರ. ನಿಂತ ಮೂತ್ರದಲ್ಲಿ ಬೆಳೆದ ರೋಗಾಣುಗಳು ರಕ್ತಕ್ಕೆ ನುಗ್ಗಿ, ಗಂಟೆಗಳೊಳಗೆ ಪ್ರಾಣಕ್ಕೇ ಅಪಾಯ ತರಬಲ್ಲವು.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು: ನೋವು ನಿಂತ ಮೇಲೂ, ಕಲ್ಲು ಹೊರಬಿದ್ದಿದೆಯೆ ಎಂಬುದನ್ನು ವೈದ್ಯರ ಬಳಿ ಸ್ಕ್ಯಾನಿನ ಮೂಲಕ ಖಚಿತಪಡಿಸಿಕೊಳ್ಳಬೇಕು. ನೋವಿನೊಡನೆ ಚಳಿಜ್ವರ, ನಿಲ್ಲದ ವಾಂತಿ, ಅಥವಾ ಮೂತ್ರವೇ ಬಾರದಿರುವುದು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಶಸ್ತ್ರಕ್ರಿಯೆಗೆ ಅಂಜಿ ಮನೆಯಲ್ಲೇ ಉಳಿಯುವುದು ಸಲ್ಲದು. ದೇಹದ ಹೊರಗಿನಿಂದಲೇ ಆಘಾತ ತರಂಗಗಳನ್ನು ಹಾಯಿಸಿ ಕಲ್ಲನ್ನು ಪುಡಿಮಾಡುವ ಚಿಕಿತ್ಸೆ 1980ರಲ್ಲಿಯೇ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮೊದಲಾಯಿತು. ಇದು ವೈದ್ಯಕ್ಕೆ ನಮ್ಮ ಭೌತವಿಜ್ಞಾನದ ಕಾಣಿಕೆ.

ಒಮ್ಮೆ ಕಲ್ಲಾದವರಿಗೆ ಮತ್ತೆ ಆಗುವ ಸಂಭವ ಹೆಚ್ಚು. ಅಂಥವರು ದಿನಕ್ಕೆ 2.5 ಲೀಟರಿನಷ್ಟು ಮೂತ್ರ ಹೋಗುವಂತೆ ನೀರು ಕುಡಿಯಬೇಕೆಂದು ವೈದ್ಯರು ಹೇಳುತ್ತಾರೆ. ತರಗತಿಯ ನಡುವೆ ಎದ್ದುಹೋಗಲು ಸಂಕೋಚಪಟ್ಟು ದಿನವಿಡೀ ಬಾಯಾರಿ ಕೂರುವ ವಿದ್ಯಾರ್ಥಿಗಳೂ ಇದನ್ನು ಗಮನಿಸಬೇಕು.

ಪ್ರಯೋಗಶಾಲೆಯಲ್ಲಿ ಅಳತೆ ಮಾಡದೆ ಫಲಿತಾಂಶ ಬರೆದವರಿಗೆ ನಾವು ಅಂಕ ಕೊಡುವುದಿಲ್ಲ. ಸ್ವಂತ ದೇಹದ ವಿಷಯದಲ್ಲಿ ಮಾತ್ರ ಆ ನಿಯಮವನ್ನು ಸಡಿಲಿಸುವುದೇಕೆ?