ದೂರದರ್ಶಕ ಬೇಡ, ಸರದಿ ಕೊಡಿಸಿ



ವಿಜ್ಞಾನ ದಿನ ಬಂತೆಂದರೆ ನಮ್ಮ ಕಡೆಯ ಸಭೆಗಳಲ್ಲಿ ಒಂದು ಬೇಡಿಕೆ ತಪ್ಪದು: ಕಾಲೇಜಿಗೊಂದು ದೂರದರ್ಶಕ ಕೊಡಿ. ಈ ಬೇಡಿಕೆಗೆ ನನ್ನ ತಕರಾರಿದೆ.

ಮಳೆಗಾಲದ ನಾಲ್ಕು ತಿಂಗಳು ನಮ್ಮೂರು ಇಡಗುಂದಿಯಲ್ಲಿ ನಕ್ಷತ್ರ ಕಾಣುವುದೇ ಅಪರೂಪ. ಕೊಳೆರೋಗಕ್ಕೆ ಹೆದರಿ ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವ ಸೀಮೆಯಿದು; ಇಲ್ಲಿನ ಥಂಡಿಯಲ್ಲಿ ಗಾಜು ಉಳಿದೀತೇ? ನನ್ನ ಮಗಳು ಓದಿದ ಕಾಲೇಜಿನಲ್ಲಿ ದೂರದರ್ಶಕವಿತ್ತು. ಮೂರು ವರ್ಷದಲ್ಲಿ ಅವಳು ಅದರಲ್ಲಿ ಇಣುಕಿದ್ದು ಒಂದೇ ರಾತ್ರಿ. ಮುಂದಿನ ಸಲ ಪೆಟ್ಟಿಗೆ ತೆರೆದಾಗ ಮಸೂರಕ್ಕೆ ಬೂಷ್ಟು ಹಿಡಿದಿತ್ತು.

ಚೆನ್ನಾಗಿದ್ದಿದ್ದರೂ ಶನಿಯ ಉಂಗುರ ನೋಡಿ ಖುಷಿಪಡಬಹುದಿತ್ತು, ಅಷ್ಟೆ. ಸಂಶೋಧನೆಗೆ ಬೇಕಾದದ್ದು ಅಳತೆ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರದ ಮುಂದೆ ಹಾದುಹೋಗುವ ಹೊತ್ತಿನಲ್ಲಿ ಆ ನಕ್ಷತ್ರದ ಬೆಳಕು ಅನಿರೀಕ್ಷಿತವಾಗಿ ಕುಂದಿದ್ದನ್ನು ತಮಿಳುನಾಡಿನ ಕಾವಲೂರಿನ 1 ಮೀಟರ್ ದೂರದರ್ಶಕವೂ ದಾಖಲಿಸಿತು. ಆ ಗ್ರಹಕ್ಕೆ ಉಂಗುರಗಳಿವೆ ಎಂದು ಜಗತ್ತಿಗೆ ಗೊತ್ತಾದದ್ದು ಇಂಥ ಅಳತೆಗಳಿಂದ. ಹಾಗೆಯೇ, ಸೂರ್ಯನಂಥ ದೂರದ ನಕ್ಷತ್ರದ ಎದುರು ಗುರುವಿನಷ್ಟು ದೊಡ್ಡ ಗ್ರಹ ಹಾದರೆ ಬೆಳಕು ಸುಮಾರು ನೂರರಲ್ಲಿ ಒಂದು ಪಾಲು ತಗ್ಗುತ್ತದೆ. ಅದನ್ನು ಅಳೆದು ನಕ್ಷೆ ಬಿಡಿಸುವುದು ಬಿ.ಎಸ್ಸಿ. ಮಕ್ಕಳಿಗೆ ಆಗದ ಕೆಲಸವಲ್ಲ.

ಅದಕ್ಕೆ ಬೇಕಾದ ಉಪಕರಣ ದೇಶದಲ್ಲಿ ಈಗಾಗಲೇ ಇದೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ಅಗಲದ ಕನ್ನಡಿಯಿರುವ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆ. ಉಪಗ್ರಹ ಸಂಪರ್ಕದ ಮೂಲಕ ತಿರುಗಿಸುವುದು ನಮ್ಮ ಹೊಸಕೋಟೆಯಿಂದ! ಯಾವ ನಕ್ಷತ್ರ, ಏಕೆ, ಎಷ್ಟು ಹೊತ್ತು ಎಂದು ಸಂಶೋಧಕರು ಅರ್ಜಿ ಬರೆಯುತ್ತಾರೆ. ಸಮಿತಿ ತೂಗಿನೋಡಿ ರಾತ್ರಿಗಳನ್ನು ಹಂಚುತ್ತದೆ. ಪೈಪೋಟಿ ಜೋರು, ನಿಜ. ಆದರೆ ಅರ್ಜಿಯನ್ನೇ ಹಾಕದವರಿಗೆ ಸರದಿ ಬರುವುದು ಹೇಗೆ?

ಆದ್ದರಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ತನ್ನ ವ್ಯಾಪ್ತಿಯ ಭೌತಶಾಸ್ತ್ರ ಅಧ್ಯಾಪಕರಿಗೆ ಇಂಥ ಅರ್ಜಿ ಬರೆಯುವ, ಬಂದ ದತ್ತಾಂಶ ಬಿಡಿಸುವ ತರಬೇತಿ ಕೊಡಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಲೇಜುಗಳು ಸೇರಿ, ಅನುಭವಿ ಸಂಶೋಧಕರೊಬ್ಬರ ಜೊತೆಗೂಡಿ ಒಂದು ಅರ್ಜಿ ಹಾಕಲಿ. ಸರ್ಕಾರ ದೂರದರ್ಶಕಕ್ಕೆ ಕೊಡುವ ಹಣದಲ್ಲಿ ಮಕ್ಕಳನ್ನು ಹೊಸಕೋಟೆಗೆ ಕರೆದೊಯ್ಯುವ ಬಸ್ಸಿನ ಖರ್ಚು ಕೊಡಲಿ.

ಅಡಿಕೆ ಮಾರಲು ಮನೆಗೊಂದು ಮಾರುಕಟ್ಟೆ ಕಟ್ಟಿಕೊಳ್ಳಲಾಗದೆ ಸೊಸೈಟಿ ಮಾಡಿಕೊಂಡವರು ನಾವು. ಆಕಾಶದ ವಿಷಯದಲ್ಲಿ ಮಾತ್ರ ಕಾಲೇಜಿಗೊಂದು ಪೆಟ್ಟಿಗೆ ಏಕೆ ಬೇಕು?

– ಒಬ್ಬ ಅಡಿಕೆ ಬೆಳೆಗಾರ, ಇಡಗುಂದಿ, ಯಲ್ಲಾಪುರ ತಾಲ್ಲೂಕು