ಚಾಡಿಯೋ, ಸಾಕ್ಷ್ಯವೋ?

ಧರ್ಮಸಭೆಗೆ ಸೇರಿದ ವ್ಯಕ್ತಿಯ ಅಥವಾ ಸಂಸ್ಥೆಯ ಹುಳುಕನ್ನು ಪತ್ರಿಕೆಯೊಂದು ಬಯಲಿಗೆಳೆದಾಗಲೆಲ್ಲ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಇದು ಧರ್ಮಸಭೆಯ ವೈರಿಗಳ ಕೆಲಸ ಎಂಬುದು ಒಂದು. ನಿಜವೇ ಆಗಿದ್ದರೂ ಮನೆಯ ಮಾತನ್ನು ಬೀದಿಗೆ ತರಬಾರದಿತ್ತು, ಪರರ ದೋಷವನ್ನು ಸಾರುವುದು ಎಂಟನೆಯ ಆಜ್ಞೆಗೆ ವಿರುದ್ಧವಲ್ಲವೇ ಎಂಬುದು ಇನ್ನೊಂದು. ಮೊದಲನೆಯದು ಆವೇಶದ ಮಾತು. ಅದಕ್ಕೆ ಉತ್ತರ ಬೇಕಿಲ್ಲ. ಎರಡನೆಯದು ಮನಸ್ಸಾಕ್ಷಿಯ ಪ್ರಶ್ನೆ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ 2025ರಲ್ಲಿ ಮುಕ್ತಾಯ ಕಂಡ ಪ್ರಕರಣವೊಂದರ ಹಿನ್ನೆಲೆಯಲ್ಲಿ ಅದನ್ನು ಪರಿಶೀಲಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಪೆರುವಿನ ರಾಜಧಾನಿ ಲಿಮಾದಲ್ಲಿ 1971ರಲ್ಲಿ ಲೂಯಿಸ್ ಫೆರ್ನಾಂಡೊ ಫಿಗಾರಿ ಎಂಬವರು 'ಸೊದಾಲಿಸಿಯೊ' ಎಂಬ ಧಾರ್ಮಿಕ ಸಂಘವನ್ನು ಸ್ಥಾಪಿಸಿದರು. ಅವರು ಯಾಜಕ ದೀಕ್ಷೆ ಪಡೆದವರಲ್ಲ. ಅನುಕೂಲಸ್ಥ ಮನೆತನಗಳ ತರುಣರು ಈ ಸಂಘಕ್ಕೆ ಆಕರ್ಷಿತರಾದರು. ಶಿಸ್ತು, ವಿಧೇಯತೆ, ಧರ್ಮನಿಷ್ಠೆಗಳಿಗೆ ಅದು ಹೆಸರಾಯಿತು. 1997ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ಅದಕ್ಕೆ ಅಧಿಕೃತ ಮನ್ನಣೆ ನೀಡಿದರು. ಇಂತಹ ಸಂಘದ ಬಗ್ಗೆ ಯಾರು ತಾನೇ ಸಂಶಯಪಟ್ಟಾರು? 2000ರಲ್ಲಿಯೇ ಮಾಜಿ ಸದಸ್ಯರೊಬ್ಬರು ತಾವು ಅನುಭವಿಸಿದ ಹಿಂಸೆಯನ್ನು ಪತ್ರಿಕೆಯಲ್ಲಿ ಬರೆದರು, ಕೇಳುವವರಿರಲಿಲ್ಲ. 2011ರಲ್ಲಿ ಲಿಮಾದ ಧರ್ಮಸಭಾ ನ್ಯಾಯಮಂಡಳಿಗೆ ಲಿಖಿತ ದೂರುಗಳು ಸಲ್ಲಿಕೆಯಾದವು. ವರ್ಷಗಳು ಕಳೆದರೂ ದೂರು ಕೊಟ್ಟವರಿಗೆ ನ್ಯಾಯ ಸಿಗಲಿಲ್ಲ.

ಪೆದ್ರೊ ಸಲೀನಾಸ್ ಎಂಬ ಪತ್ರಕರ್ತರು ತಾರುಣ್ಯದಲ್ಲಿ ಇದೇ ಸಂಘದಲ್ಲಿದ್ದವರು. ಅವರು ಪಾವೋಲಾ ಉಗಾಸ್ ಎಂಬ ಪತ್ರಕರ್ತೆಯ ನೆರವಿನಿಂದ ವರ್ಷಗಟ್ಟಲೆ ಮಾಜಿ ಸದಸ್ಯರನ್ನು ಹುಡುಕಿ, ಅವರ ಹೇಳಿಕೆಗಳನ್ನು ಸಂಗ್ರಹಿಸಿ, 2015ರಲ್ಲಿ 'ಅರ್ಧ ಸನ್ಯಾಸಿಗಳು, ಅರ್ಧ ಸೈನಿಕರು' ಎಂಬ ಅರ್ಥದ ಶೀರ್ಷಿಕೆಯುಳ್ಳ ಗ್ರಂಥವನ್ನು ಪ್ರಕಟಿಸಿದರು. ವಿಧೇಯತೆಯ ಹೆಸರಿನಲ್ಲಿ ಎಳೆಯರ ದೇಹವನ್ನೂ ಮನಸ್ಸನ್ನೂ ಹೇಗೆ ಘಾಸಿಗೊಳಿಸಲಾಯಿತು ಎಂಬುದು ಅದರ ವಸ್ತು. ಸಂಘ ತಾನೇ ನೇಮಿಸಿದ ತಜ್ಞರು 2017ರಲ್ಲಿ ಕೊಟ್ಟ ವರದಿಯೂ ಸ್ಥಾಪಕರ ದುರಾಚಾರವನ್ನು ದೃಢಪಡಿಸಿತು.

ಅಲ್ಲಿಗೆ ಪತ್ರಕರ್ತರಿಗೆ ಗೌರವ ಸಲ್ಲಬೇಕಿತ್ತು. ಸಂದದ್ದು ಮೊಕದ್ದಮೆಗಳು. ಪೆರುವಿನಲ್ಲಿ ಮಾನಹಾನಿ ಕ್ರಿಮಿನಲ್ ಅಪರಾಧ. ಪಿಯೂರಾದ ಮಹಾಧರ್ಮಾಧ್ಯಕ್ಷರೂ ಸಂಘದ ಸದಸ್ಯರೂ ಆಗಿದ್ದ ಹೋಸೆ ಅಂತೋನಿಯೊ ಎಗುರೆನ್ ಅವರು ಇಬ್ಬರ ಮೇಲೂ ದಾವೆ ಹೂಡಿದರು. 2019ರ ಏಪ್ರಿಲ್‌ನಲ್ಲಿ ಸಲೀನಾಸ್ ಅವರಿಗೆ ಒಂದು ವರ್ಷದ ಅಮಾನತು ಶಿಕ್ಷೆಯಾಯಿತು. ಭಾರೀ ಮೊತ್ತದ ದಂಡವೂ ಬಿತ್ತು. ದೇಶದ ಧರ್ಮಾಧ್ಯಕ್ಷರ ಮಂಡಳಿಯ ಮುಖ್ಯಸ್ಥರೇ ಪತ್ರಕರ್ತರ ಪರವಾಗಿ ಮಾತನಾಡಿದ ಬಳಿಕ ದಾವೆ ಹಿಂದೆಗೆಯಲ್ಪಟ್ಟಿತು. ಉಗಾಸ್ ಅವರು ಸಂಘದ ಹಣಕಾಸಿನ ವ್ಯವಹಾರಗಳನ್ನು ಶೋಧಿಸತೊಡಗಿದ ಮೇಲಂತೂ ಅವರ ಮೇಲೆ ಒಂದರ ಹಿಂದೊಂದು ಪ್ರಕರಣಗಳು ದಾಖಲಾದವು. ವಕೀಲರ ಶುಲ್ಕ, ನ್ಯಾಯಾಲಯದ ಅಲೆದಾಟ, ಹೆಸರಿಗೆ ಮಸಿ ಬಳಿಯುವ ಪ್ರಚಾರ ಇವುಗಳ ನಡುವೆ ಬರೆಯಲು ಬಿಡುವೆಲ್ಲಿ? ತೀರ್ಪು ಯಾರ ಕಡೆ ಬಂದರೂ, ಲೇಖನಿಯನ್ನು ಕೆಳಗಿಡಿಸುವ ಉದ್ದೇಶವಾದರೆ ಅಷ್ಟರಲ್ಲೇ ಈಡೇರಿಬಿಡುತ್ತದೆ.

ಅಮೆರಿಕದ ಬಾಸ್ಟನ್ ನಗರದ ಉದಾಹರಣೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 2002ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, 'ಬಾಸ್ಟನ್ ಗ್ಲೋಬ್' ಪತ್ರಿಕೆ ಒಬ್ಬ ಮಾಜಿ ಗುರುವಿನ ವಿರುದ್ಧ 130ಕ್ಕೂ ಹೆಚ್ಚು ಮಂದಿ ದೂರಿದ್ದರೆಂದೂ, ಮೇಲಿನವರು ತಿಳಿದೂ ಅವರನ್ನು ಧರ್ಮಕೇಂದ್ರದಿಂದ ಧರ್ಮಕೇಂದ್ರಕ್ಕೆ ವರ್ಗಾಯಿಸಿದರೆಂದೂ ವರದಿ ಮಾಡಿತು. ಆ ವರ್ಷದ ಡಿಸೆಂಬರ್‌ನಲ್ಲಿ ಕಾರ್ಡಿನಲ್ ಬರ್ನಾರ್ಡ್ ಲಾ ಅವರು ಮಹಾಧರ್ಮಾಧ್ಯಕ್ಷ ಪದವಿಗೆ ರಾಜೀನಾಮೆ ಕೊಟ್ಟರು. ಮುಚ್ಚಿದ್ದ ಕಡತಗಳನ್ನು ತೆರೆಸಲು ಆ ಪತ್ರಿಕೆ ನ್ಯಾಯಾಲಯದ ಮೆಟ್ಟಿಲೇರಿತ್ತು. ತಿಂಗಳುಗಟ್ಟಲೆ ಒಂದೇ ವಿಷಯದ ಬೆನ್ನು ಹತ್ತುವ ವರದಿಗಾರರ ತಂಡವನ್ನು ಸಾಕಿತ್ತು. ಲಿಮಾದ ಇಬ್ಬರಿಗೆ ಅಂತಹ ಬೆಂಬಲವಿರಲಿಲ್ಲ. ತನಿಖಾ ವರದಿಗಾರಿಕೆಗೆ ಧೈರ್ಯದಷ್ಟೇ ಹಣವೂ ಕಾಲಾವಕಾಶವೂ ಬೇಕು. ಸಂಜೆಯ ಹೊತ್ತಿಗೆ ಟಿ.ವಿ.ಯಲ್ಲಿ ಕೂಗಾಡುವುದಕ್ಕೆ ಇವು ಮೂರೂ ಬೇಕಿಲ್ಲ.

ಇನ್ನು ಎಂಟನೆಯ ಆಜ್ಞೆಯ ಪ್ರಶ್ನೆ. ಸಂತ ತೋಮಾಸ್ ಅಕ್ವಿನಾಸರು ಚಾಡಿ ಅಥವಾ ಪರನಿಂದೆಯನ್ನು ಕುರಿತು ವಿಚಾರ ಮಾಡುವಾಗ ಒಂದು ಸೂಕ್ಷ್ಮ ಭೇದವನ್ನು ಗುರುತಿಸುತ್ತಾರೆ. ಒಬ್ಬನ ಹೆಸರು ಕೆಡಿಸಬೇಕೆಂಬ ಉದ್ದೇಶದಿಂದ ಅವನ ಬೆನ್ನ ಹಿಂದೆ ಆಡುವ ಮಾತು ಪಾಪ. ಆದರೆ ಅವಶ್ಯವಾದ ಒಳಿತೊಂದಕ್ಕಾಗಿ, ಸಂದರ್ಭದ ಔಚಿತ್ಯವನ್ನರಿತು ಆಡಿದ ಮಾತಿನಿಂದ ಒಬ್ಬನ ಹೆಸರಿಗೆ ಕುಂದು ಬಂದರೆ ಅದು ಪಾಪವೂ ಅಲ್ಲ, ಚಾಡಿಯೂ ಅಲ್ಲ. ತಪ್ಪಿತಸ್ಥನಿಗೆ ಮೊದಲು ಏಕಾಂತದಲ್ಲಿ ಬುದ್ಧಿ ಹೇಳಬೇಕೆಂಬ ಶುಭಸಂದೇಶದ ವಿಧಿಯನ್ನೂ ಅವರು ಚರ್ಚಿಸುತ್ತಾರೆ. ಗುಪ್ತ ಪಾಪದಿಂದ ಪರರಿಗೆ ಹಾನಿಯಾಗುವಂತಿದ್ದರೆ, ಉದಾಹರಣೆಗೆ ನಗರವನ್ನು ಶತ್ರುವಿಗೆ ಒಪ್ಪಿಸಲು ಒಬ್ಬನು ಸಂಚು ಹೂಡಿದ್ದರೆ, ಏಕಾಂತದ ಬುದ್ಧಿವಾದದಿಂದ ಅದು ತಪ್ಪೀತೆಂಬ ಭರವಸೆಯಿಲ್ಲದ ಪಕ್ಷದಲ್ಲಿ ಕೂಡಲೇ ತಿಳಿಸತಕ್ಕದ್ದು ಎಂಬುದು ಅವರ ಮತ.

ಯಾರಿಗೆ ತಿಳಿಸಬೇಕು? ಅಧಿಕಾರವುಳ್ಳವರಿಗೆ, ಪತ್ರಿಕೆಗಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ. ಆದರೆ ಲಿಮಾದ ನೊಂದವರು ಮೊದಲು ತಟ್ಟಿದ್ದು ಅಧಿಕಾರದ ಬಾಗಿಲನ್ನೇ. ಆ ಬಾಗಿಲು ತೆರೆಯದಿದ್ದ ಮೇಲೆ, ಮುಂದಿನ ಬಾಲಕನ ರಕ್ಷಣೆಗೆ ಉಳಿದ ದಾರಿ ಯಾವುದು? ಧರ್ಮಸಭೆಯ ಮಾನ ಹೋಯಿತೆಂದು ಮರುಗುವವರು, ಅದು ಹೋದದ್ದು ಗ್ರಂಥ ಪ್ರಕಟವಾದ ದಿನವೋ ದುರಾಚಾರ ನಡೆದ ದಿನವೋ ಎಂಬುದನ್ನು ಯೋಚಿಸಬೇಕು.

ರೋಮ್ ಕೊನೆಗೆ ಯಾರ ಮಾತನ್ನು ನಂಬಿತು ಎಂಬುದು ದಾಖಲೆಯಲ್ಲಿದೆ. ಜಗದ್ಗುರು ಫ್ರಾನ್ಸಿಸ್ ಅವರು 2023ರಲ್ಲಿ ಇಬ್ಬರು ತನಿಖಾಧಿಕಾರಿಗಳನ್ನು ಲಿಮಾಕ್ಕೆ ಕಳುಹಿಸಿದರು. 2024ರಲ್ಲಿ ಎಗುರೆನ್ ಅವರ ರಾಜೀನಾಮೆ ಅಂಗೀಕಾರವಾಯಿತು, ಫಿಗಾರಿ ಸಂಘದಿಂದ ಉಚ್ಚಾಟಿತರಾದರು. 2025ರ ಏಪ್ರಿಲ್‌ನಲ್ಲಿ, ಫ್ರಾನ್ಸಿಸರು ದೈವಾಧೀನರಾಗುವ ಕೆಲವೇ ದಿನಗಳ ಮುಂಚೆ, ಸಂಘವೇ ವಿಸರ್ಜಿತವಾಯಿತು. ಪೆರುವಿನ ಚಿಕ್ಲಾಯೊದಲ್ಲಿ ಧರ್ಮಾಧ್ಯಕ್ಷರಾಗಿದ್ದ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಆಯ್ಕೆಯಾದ ನಾಲ್ಕನೆಯ ದಿನವೇ ಪತ್ರಕರ್ತರನ್ನು ಭೇಟಿಯಾಗಿ, ಸತ್ಯವನ್ನು ಬರೆದ ಕಾರಣಕ್ಕೆ ಸೆರೆಯಲ್ಲಿರುವವರ ಬಿಡುಗಡೆಯನ್ನು ಕೋರಿದರು.

ನಮ್ಮ ದೇಶದಲ್ಲಿಯೂ ಮಾನಹಾನಿ ಕ್ರಿಮಿನಲ್ ಅಪರಾಧವೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮು ಅದಕ್ಕೆ ಎರಡು ವರ್ಷಗಳವರೆಗೆ ಸಜೆ ವಿಧಿಸಬಹುದೆನ್ನುತ್ತದೆ. ಆದರೆ ಮಾತು ಸತ್ಯವಾಗಿದ್ದು ಸಾರ್ವಜನಿಕ ಹಿತಕ್ಕಾಗಿ ಆಡಿದ್ದಾದರೆ ಅದು ಮಾನಹಾನಿಯಲ್ಲ ಎಂಬುದು ಅದೇ ಕಾನೂನಿನ ಮೊದಲ ವಿನಾಯಿತಿ. ಅಕ್ವಿನಾಸರ ವಿಚಾರಕ್ಕೆ ಇದು ಬಹಳ ದೂರದ್ದಲ್ಲ. ಮಕ್ಕಳ ವಿಷಯದಲ್ಲಂತೂ ಪತ್ರಿಕೆಗಳವರೆಗೆ ಕಾಯುವ ಪ್ರಮೇಯವೇ ಇಲ್ಲ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದೇ ಶಿಕ್ಷಾರ್ಹ ಅಪರಾಧ. ಈ ಕರ್ತವ್ಯ ತಂದೆತಾಯಿಗಳಿಗೆ, ಶಿಕ್ಷಕರಿಗೆ ಇರುವಂತೆಯೇ ಗುರುಗಳಿಗೂ ಮಠಕನ್ಯೆಯರಿಗೂ ಇದೆ.