ಅರ್ಜಿ ಕರೆಯುವ ಉಪಕರಣ

ಸಣ್ಣ ಬಟ್ಟಲಿನ ಬಿಸಿನೀರಿಗೆ ದೊಡ್ಡ ಉಷ್ಣಮಾಪಕವನ್ನು ಅದ್ದಿದರೆ, ಮಾಪಕವೇ ನೀರಿನ ಶಾಖವನ್ನು ಹೀರಿ ತಪ್ಪು ಅಂಕವನ್ನು ತೋರಿಸುತ್ತದೆ. ಅಳೆಯುವ ಉಪಕರಣವು ಅಳೆಯಬೇಕಾದ ವಸ್ತುವನ್ನು ಆದಷ್ಟು ಕಡಮೆ ಕದಡಬೇಕೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಇದನ್ನು ಪ್ರತಿವರ್ಷವೂ ಬೋಧಿಸುವ ನಾವೇ ಕಳೆದ ವರ್ಷ ಮರೆತೆವು.

ನಮ್ಮ ವಿಭಾಗಕ್ಕೆ ತಾತ್ಕಾಲಿಕವಾಗಿ ಒಬ್ಬ ಪ್ರಯೋಗಶಾಲಾ ಸಹಾಯಕರು ಬೇಕಾಗಿದ್ದರು. ಅಂತರಜಾಲದಲ್ಲಿ ಅರ್ಜಿ ಸ್ವೀಕರಿಸುವ ಸಾಧನವೊಂದನ್ನು ಅವಸರದಲ್ಲಿ ಆರಿಸಿ, ಆರು ಸೆಮಿಸ್ಟರುಗಳ ಅಂಕಪಟ್ಟಿ, ಭಾವಚಿತ್ರ, ಆಧಾರ್ ಪ್ರತಿ ಎಲ್ಲವನ್ನೂ ಕೇಳಿದೆವು. ಹಳ್ಳಿಯಿಂದ ಬಂದ ತರುಣಿಯೊಬ್ಬಳು ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ, ಅಂಗಡಿಯವನ ಖಾತೆಯಿಂದಲೇ ಅರ್ಜಿ ತುಂಬಿದಳು. ಸಾಧನವು ಅವನ ಇ-ಮೇಲ್ ವಿಳಾಸವನ್ನೇ ಆಕೆಯದೆಂದು ಬರೆದುಕೊಂಡಿತು. ಸಂದರ್ಶನದ ಕರೆಯೂ ಅಲ್ಲಿಗೇ ಹೋಯಿತು. ಆಕೆ ಕಾಲೇಜಿಗೆ ಬಂದು ವಿಚಾರಿಸಿದಾಗ ನೇಮಕ ಮುಗಿದು ಮೂರು ದಿನಗಳಾಗಿದ್ದುವು. ಪ್ರಾಯೋಗಿಕ ಪರೀಕ್ಷೆಯಲ್ಲಿ ಆಕೆಯ ಅಂಕಗಳು ಆಯ್ಕೆಯಾದವರಿಗಿಂತ ಹೆಚ್ಚಾಗಿದ್ದುವು. ತಪ್ಪು ಯಂತ್ರದ್ದಲ್ಲ, ನಮ್ಮದು.

ಲೆಕ್ಕ ಹಾಕಿ ನೋಡೋಣ. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟುಗಳು ಬೇಕು. ಸಾವಿರ ಸಂಕೇತಗಳ ಅರ್ಜಿಯೆಂದರೆ ಹೆಚ್ಚುಕಡಮೆ 3 ಕಿಲೋಬೈಟು. ಫೋನಿನಲ್ಲಿ ತೆಗೆದ ಒಂದು ಅಂಕಪಟ್ಟಿಯ ಚಿತ್ರವಾದರೋ ಸುಲಭವಾಗಿ 3 ಮೆಗಾಬೈಟು, ಎಂದರೆ ಸಾವಿರ ಪಟ್ಟು! ಸೆಕೆಂಡಿಗೆ 200 ಕಿಲೋಬಿಟ್ ಸಾಗಿಸುವ ಮಂದ ಸಂಪರ್ಕದಲ್ಲಿ ಬರಹದ ಅರ್ಜಿಗೆ 0.12 ಸೆಕೆಂಡು ಸಾಕು. ಆರು ಚಿತ್ರಗಳಿಗೆ 12 ನಿಮಿಷ. ನಡುವೆ ಸಂಪರ್ಕ ಕಡಿದರೆ ಮತ್ತೆ ಮೊದಲಿನಿಂದ. ನಾವು ಅಳೆದದ್ದು ಯೋಗ್ಯತೆಯನ್ನೋ, ಊರಿನ ಫೋನ್ ಗೋಪುರವನ್ನೋ?

ಬರಿಯ ಇ-ಮೇಲ್ ಸಾಲದೆ ಎಂದು ಕೆಲವರು ಕೇಳಬಹುದು. ಹತ್ತು ಅರ್ಜಿಗಳಿಗೆ ಸಾಕು. ಇನ್ನೂರು ಬಂದರೆ ಒಬ್ಬೊಬ್ಬರದು ಒಂದೊಂದು ರೀತಿಯಾಗಿ, ಹೋಲಿಸುವುದೇ ದುಸ್ತರ. ದೊಡ್ಡ ಕಂಪನಿಗಳ ನೇಮಕಾತಿ ತಂತ್ರಾಂಶವನ್ನು ತಂದರೆ ಕುರಿಗೆ ಅಂಬಾರಿ ಹೊರಿಸಿದಂತಾದೀತು. ಗೂಗಲ್ ಫಾರ್ಮ್ಸ್‌ನಂಥ ನಮೂನೆಗಳು ಉತ್ತರಗಳನ್ನು ಒಂದೇ ಕೋಷ್ಟಕದಲ್ಲಿ ಸಾಲಾಗಿ ಇಳಿಸುತ್ತವೆ. ಆದರೆ ಕಡತ ಸೇರಿಸಬೇಕೆಂಬ ಪ್ರಶ್ನೆಯನ್ನಿಟ್ಟೊಡನೆ ಅರ್ಜಿದಾರರು ಗೂಗಲ್ ಖಾತೆಯ ಮೂಲಕವೇ ಒಳಬರಬೇಕಾಗುತ್ತದೆ. ಮೊದಲ ಹಂತದಲ್ಲಿ ಆ ಪ್ರಶ್ನೆಯನ್ನು ಕೈಬಿಟ್ಟು, ಬರಹವನ್ನಷ್ಟೇ ಪಡೆದು, ಮೂಲ ಅಂಕಪಟ್ಟಿಗಳನ್ನು ಸಂದರ್ಶನದ ದಿನ ನೋಡುವುದೇ ಉಚಿತವೆಂದು ನಮ್ಮ ಅಭಿಪ್ರಾಯ. ಇ-ಮೇಲ್ ಜೊತೆಗೆ ಫೋನ್ ಸಂಖ್ಯೆಯನ್ನೂ ಕೇಳಬೇಕು. ಕಾಗದದ ಅರ್ಜಿಗೂ ಬಾಗಿಲು ತೆರೆದಿರಬೇಕು.

ಇನ್ನು ಆಧಾರ್ ಪ್ರತಿ. ನಮಗೆ ಅದು ಬೇಕೇ ಇರಲಿಲ್ಲ; ಎಲ್ಲರೂ ಕೇಳುತ್ತಾರೆಂದು ಕೇಳಿದೆವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ವ್ಯಕ್ತಿಯ ಸಮ್ಮತಿಯನ್ನು ಉದ್ದೇಶಕ್ಕೆ ಅವಶ್ಯವಾದ ಮಾಹಿತಿಗಷ್ಟೇ ಸೀಮಿತಗೊಳಿಸುತ್ತದೆ. ಕಾಯಿದೆಯ ಮಾತು ಹಾಗಿರಲಿ, ಕೇಳಿ ಪಡೆದುದನ್ನು ಕಾಯುವವರು ಯಾರು?

ಈ ವರ್ಷದ ನಮೂನೆಯನ್ನು ಪ್ರಕಟಿಸುವ ಮೊದಲು, ಹಳೆಯ ಫೋನೊಂದನ್ನು ಹಿಡಿದು ಬಸ್ ನಿಲ್ದಾಣದಲ್ಲಿ ನಿಂತು ನಾವೇ ತುಂಬಿ ನೋಡಿದೆವು. ಇನ್ನೂ ಎರಡು ಪ್ರಶ್ನೆಗಳನ್ನು ಹೊಡೆದುಹಾಕಬೇಕಾಯಿತು.